ಯಾರೋ ಹಾಕಿದ ಗಂಟು

ನನ್ನ ಮಾವನವರು ಮೂವತ್ತನಾಲ್ಕು ವರ್ಷ ಸರ್ವೇ ಇಲಾಖೆಯಲ್ಲಿ ನೆಲ ಅಳೆದವರು. ನಿವೃತ್ತರಾದ ಮೇಲೂ ಅವರ ಕಾಲು ಅಳೆಯುವುದನ್ನು ಬಿಟ್ಟಿರಲಿಲ್ಲ. ಬರ್ಮಿಂಗ್‌ಹ್ಯಾಮಿಗೆ ಬಂದ ಮೊದಲ ವಾರದಲ್ಲೇ ಎಜ್‌ಬಾಸ್ಟನ್ನಿನ ನಮ್ಮ ಮನೆಯಿಂದ ಬಸ್ ಸ್ಟಾಪಿಗೆ ಎಷ್ಟು ಹೆಜ್ಜೆ, ನಾವು ಕೆಲಸ ಮಾಡುವ ಆಸ್ಪತ್ರೆಗೆ ಎಷ್ಟು ಹೆಜ್ಜೆ, ಹಾಲಿನ ಅಂಗಡಿಗೆ ಯಾವ ಕಡೆಯಿಂದ ಹೋದರೆ ಹತ್ತಿರ ಎಂದು ನನಗೆ ವರದಿ ಒಪ್ಪಿಸಿದರು. ನಾನು ಒಂಬತ್ತು ವರ್ಷದಿಂದ ಅಲ್ಲೇ ಇದ್ದೆ. ಇದರಲ್ಲಿ ಒಂದೂ ನನಗೆ ಗೊತ್ತಿರಲಿಲ್ಲ.

ಅವರು ಬಂದದ್ದು ಆರು ತಿಂಗಳಿಗೆ. ಅತ್ತೆ ತಮ್ಮ ಮಗಳ ಬಾಣಂತನಕ್ಕೆಂದು ಪುಣೆಯಲ್ಲಿ ಉಳಿದಿದ್ದರಿಂದ ಒಬ್ಬರೇ ಬಂದಿದ್ದರು. ಗದಗದ ಕಡೆಯ ಮನುಷ್ಯ, ಮಾತು ಕಡಿಮೆ. ಏನನ್ನೂ ಬೇಕೆಂದು ಕೇಳಿದವರಲ್ಲ. ಜೂನ್ ತಿಂಗಳಲ್ಲಿ ಒಮ್ಮೆ ಮಾತ್ರ, "ಇಲ್ಲಿ ಒಂದ ಗುಡ್ಡಾ ಹತ್ತಬೇಕಂತ ಆಸೆ ಐತಿ ನೋಡವ್ವಾ" ಅಂದಿದ್ದರು. ಆಗಲಿ ಮಾವ ಅಂದಿದ್ದೆ. ನಾನೂ ನನ್ನ ಗಂಡನೂ ಇಬ್ಬರೂ ವೈದ್ಯರು. ರೋಟಾ ಎಂಬ ಡ್ಯೂಟಿ ಪಟ್ಟಿ ನಮ್ಮಿಬ್ಬರಿಗೆ ಒಂದೇ ದಿನ ರಜೆ ಕೊಟ್ಟದ್ದು ಬಹಳ ಅಪರೂಪ. ಹಾಗಾಗಿ ಜುಲೈ ಹೋಯಿತು, ಆಗಸ್ಟ್ ಹೋಯಿತು, ಗುಡ್ಡ ಇದ್ದಲ್ಲೇ ಇತ್ತು. ಕೊನೆಗೆ ನವೆಂಬರಿನ ಕೊನೆಯ ಭಾನುವಾರ ಬಂತು. ಗುರುವಾರ ಅವರ ವಿಮಾನ. ಗಂಡನಿಗೆ ಅವತ್ತೂ ಡ್ಯೂಟಿ. ನಾನೇ ಕರೆದುಕೊಂಡು ಹೊರಟೆ.

ಖುಷಿಯಿಂದ ಹೊರಟೆ ಅಂದರೆ ಸುಳ್ಳಾಗುತ್ತದೆ. ನಾನು ಅರಿವಳಿಕೆ ಕೊಡುವ ವೈದ್ಯೆ. ಮನುಷ್ಯರನ್ನು ಮಲಗಿಸುವುದೇ ಕಸುಬಾದ್ದರಿಂದಲೋ ಏನೋ, ಎಚ್ಚರ ಇರುವವರ ಜೊತೆ ನನಗೆ ತಾಳ್ಮೆ ಸಾಲದು. ಸಿಕ್ಕ ಒಂದೇ ಭಾನುವಾರ ಹಾಸಿಗೆಯಲ್ಲಿ ಬಿದ್ದುಕೊಳ್ಳುವುದು ಬಿಟ್ಟು ಚಳಿಯಲ್ಲಿ ಗುಡ್ಡ ಹತ್ತುವುದೇ ಎಂದು ಒಳಗೊಳಗೆ ಗೊಣಗುತ್ತಾ, ಆ ಸಿಟ್ಟನ್ನೆಲ್ಲ ಅವರಿಗೆ ಬಟ್ಟೆ ತೊಡಿಸುವುದರಲ್ಲಿ ತೀರಿಸಿಕೊಂಡೆ. ಒಳಗೆ ಥರ್ಮಲ್, ಮೇಲೆ ಶರ್ಟು, ಅದರ ಮೇಲೆ ಅರ್ಧ ತೋಳಿನ ಸ್ವೆಟರ್, ಅದರ ಮೇಲೆ ಕತ್ತಿನ ತನಕ ಜಿಪ್ಪಿದ್ದ ಪೂರ್ತಿ ಸ್ವೆಟರ್, ಆಮೇಲೆ ನನ್ನ ಗಂಡನ ಜಾಕೆಟ್ಟು, ಮಫ್ಲರ್ರು, ಮಂಕಿ ಕ್ಯಾಪು. ಗಂಡನದೇ ಬೂಟಿಗೆ ಎರಡು ಜೊತೆ ಕಾಲುಚೀಲ. ಅವರು ಮಗುವಿನ ಹಾಗೆ ಕೈ ಎತ್ತಿ ನಿಂತು ಎಲ್ಲವನ್ನೂ ಹಾಕಿಸಿಕೊಂಡರು.

ಶ್ರಾಪ್‌ಶೈರ್ ಕಡೆಯ ಆ ಗುಡ್ಡಕ್ಕೆ ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆ. ಬುಡದಿಂದ ಮುಕ್ಕಾಲು ಎತ್ತರದವರೆಗೂ ಕಾಡು, ಆಮೇಲೆ ಬೋಳು ನೆತ್ತಿ. ಕಾರು ನಿಲ್ಲಿಸುವ ಜಾಗದ ಎದುರಿಗೇ ಒಂದು ಮರದ ಗೇಟು. ಗೇಟಿನ ಕಂಬದ ತುದಿಗೆ ಯಾರೋ ಮಗುವಿನ ಕೆಂಪು ಉಣ್ಣೆಯ ಕೈಗವಸೊಂದನ್ನು ತೊಡಿಸಿದ್ದರು. ಮಾವ ಅಲ್ಲೇ ನಿಂತರು.

"ಇದೇನವ್ವಾ?"

"ಯಾರದೋ ಬಿದ್ದುಹೋಗಿರತ್ತೆ ಮಾವ. ಸಿಕ್ಕಿದವರು ಹೀಗೆ ಎತ್ತಿ ಇಡ್ತಾರೆ. ಕಳಕೊಂಡವರು ವಾಪಸ್ ಬಂದರೆ ಕಾಣಲಿ ಅಂತ."

"ಯಾರೂ ಒಯ್ಯಂಗಿಲ್ಲೇನು?"

"ಒಂದೇ ಕೈಗೆ ಆಗೋದನ್ನ ತಗೊಂಡು ಏನ್ ಮಾಡ್ತಾರೆ?" ಅಂದೆ. ಅವರು ನಗಲಿಲ್ಲ. ಓರೆಯಾಗಿದ್ದ ಆ ಕೈಗವಸನ್ನು ಸರಿಯಾಗಿ ಎಳೆದು ಕೂರಿಸಿ, ಗೇಟು ದಾಟಿ, ಹೆಜ್ಜೆ ಎಣಿಸಲು ಶುರು ಮಾಡಿದರು.

ದಾರಿ ಗೇಟು ದಾಟಿದ ಕೂಡಲೇ ಏರುತ್ತದೆ. ಎರಡು ದಿನ ಸುರಿದ ಮಳೆ ಅವತ್ತು ಬೆಳಿಗ್ಗೆಯಷ್ಟೇ ನಿಂತಿತ್ತು. ಬೀಚ್ ಎಂಬ ಜಾತಿಯ ಮರಗಳು ಎಲೆಯನ್ನೆಲ್ಲ ಚೆಲ್ಲಿ ಬರಿಮೈಯಲ್ಲಿ ನಿಂತಿದ್ದವು. ದಾರಿಯ ಮೇಲೆ ಪಾದ ಮುಚ್ಚುವಷ್ಟು ತಾಮ್ರದ ಬಣ್ಣದ ಎಲೆ, ಮೇಲಿನದು ಹಸಿ, ಕೆಳಗಿನದು ಕೊಳೆತು ಲೋಳೆ. ಅದರಡಿಯಲ್ಲಿ ಬೇರು ಎಲ್ಲಿ, ಕಲ್ಲು ಎಲ್ಲಿ, ಗುಂಡಿ ಎಲ್ಲಿ ಎಂದು ಹೇಳುವ ಹಾಗಿರಲಿಲ್ಲ. ಮೇಲಿನಿಂದ ಬರುತ್ತಿದ್ದ ಒಬ್ಬ ದಢೂತಿ ಆಸಾಮಿ ನಮ್ಮೆದುರಿಗೇ ಜಾರಿ, ಕೂತಲ್ಲಿಂದಲೇ "ಮಾರ್ನಿಂಗ್" ಅಂದ.

"ನೆಲಾನ ಕಾಣವಲ್ದಲ್ಲವ್ವಾ" ಅಂದರು ಮಾವ. ನೆಲ ತನ್ನನ್ನು ಮುಚ್ಚಿಟ್ಟುಕೊಂಡದ್ದು ಅವರಿಗೆ ವೈಯಕ್ತಿಕ ಅವಮಾನ ಆದಂತಿತ್ತು. ಕೈಯಲ್ಲಿದ್ದ ಊರುಗೋಲಿನಿಂದ ಎಲೆ ಸರಿಸಿ, ತಟ್ಟಿ ನೋಡಿ, ಆಮೇಲೆ ಹೆಜ್ಜೆ ಇಡುತ್ತಿದ್ದರು. ನನಗೂ ಹೇಳಿಕೊಟ್ಟರು: "ಹಿಮ್ಮಡಾ ಊರಬ್ಯಾಡ. ಪಾದ ಪೂರ್ತಿ ಇಡು. ಅವಸರಾ ಮಾಡಬ್ಯಾಡ." ಕೊನೆಯದು ಗುಡ್ಡಕ್ಕೆ ಮಾತ್ರ ಹೇಳಿದ್ದಲ್ಲ ಎಂದು ನನಗೆ ಅನುಮಾನ.

ಅರ್ಧ ದಾರಿಯಲ್ಲಿ ಒಂದು ಬೆಂಚು. ಅಷ್ಟು ಹೊತ್ತಿಗೆ ಮಾವನ ಹಣೆಯಿಂದ ಬೆವರು ಇಳಿಯುತ್ತಿತ್ತು. ತಪ್ಪು ನನ್ನದೇ. ಗುಡ್ಡ ಹತ್ತುವಾಗ ಮೈ ಕಾಯುತ್ತದೆ, ಇಲ್ಲಿನವರು ತೆಳ್ಳಗೆ ತೊಟ್ಟು ಹೊರಡುತ್ತಾರೆ ಎಂದು ಗೊತ್ತಿದ್ದೂ, ಚಳಿ ಅಂದರೆ ಹೊದಿಸು ಎಂಬ ನಮ್ಮ ಕಡೆಯ ಬುದ್ಧಿ ಹೋಗಿರಲಿಲ್ಲ. ಜಾಕೆಟ್ ತೆಗೆಸಿ, ಎರಡು ಸ್ವೆಟರನ್ನೂ ಒಟ್ಟಿಗೇ ಹಿಡಿದು ಅವರ ತಲೆಯ ಮೇಲಿನಿಂದ ಎಳೆದೆ. ಎಲ್ಲೋ ಸಿಕ್ಕಿಕೊಂಡಿತು. ಇನ್ನೊಮ್ಮೆ ಜೋರಾಗಿ ಎಳೆದೆ, ಬಂತು. ಸುತ್ತಿ ಬ್ಯಾಗಿಗೆ ತುರುಕಿದೆ. ಜಾಕೆಟ್ ಮಾತ್ರ ಮತ್ತೆ ಹಾಕಿಕೊಂಡರು.

ನೆತ್ತಿ ಮುಟ್ಟಿದಾಗ ಮಧ್ಯಾಹ್ನ ಒಂದು ಗಂಟೆ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಕೆಳಗೆ ಬಯಲು, ಬೇಲಿ ಹಾಕಿದ ಹೊಲಗಳು. ಮಾವ ಕಣ್ಣಿನಲ್ಲೇ ಅವನ್ನು ಅಳೆದು ಮುಗಿಸುವಷ್ಟರಲ್ಲಿ ಒಂದು ಬಂಡೆಯ ಮರೆಯಲ್ಲಿ ನಾನು ಡಬ್ಬಿ ಬಿಚ್ಚಿದೆ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅವರು ಕೈ ತೊಳೆದು, ಕೂತು, ಎಂದಿನಂತೆ ಅಂಗಿಯ ಒಳಗೆ ಕೈ ಹಾಕಿದರು.

ಅವರ ಕೊರಳಲ್ಲಿ ಶಿವದಾರ, ಅದರ ತುದಿಗೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಏಳನೆಯ ವರ್ಷಕ್ಕೆ ಗುರುಗಳು ಕಟ್ಟಿದ್ದಂತೆ. ಅದನ್ನು ಒಮ್ಮೆ ಎಡ ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚದೆ ಅವರು ಊಟ ಮಾಡಿದ್ದನ್ನು, ನೀರು ಕುಡಿದಿದ್ದನ್ನು ನಾನು ನೋಡಿಲ್ಲ. ಕೈ ಒಳಗೆ ಹೋಯಿತು, ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು. ಆಮೇಲೆ ಕತ್ತಿನ ಹಿಂದೆ ಹೋಯಿತು.

"ಇಲ್ಲವ್ವಾ" ಅಂದರು.

ಬ್ಯಾಗನ್ನು ಬೋರಲು ಹಾಕಿದೆ. ಸ್ವೆಟರ್ ಕೊಡವಿದೆ. ಜಿಪ್ಪಿನ ಹಲ್ಲಿನಲ್ಲಿ ಒಂದು ಬಿಳಿ ನೂಲಿನ ಎಳೆ ಸಿಕ್ಕಿಕೊಂಡಿತ್ತು. ನಾನು ಜೋರಾಗಿ ಎಳೆದದ್ದು ಏನನ್ನು ಎಂದು ಆಗ ತಿಳಿಯಿತು. ದಾರ ಅಲ್ಲಿ ಹರಿದಿದೆ. ಕರಡಿಗೆ ಅಂಗಿಯೊಳಗೇ ಸ್ವಲ್ಪ ದೂರ ಬಂದು, ಬೆಂಚಿನಿಂದ ನೆತ್ತಿಯವರೆಗೆ ಎಲ್ಲಿಯೋ ಜಾರಿ ಆ ಎಲೆಗಳೊಳಗೆ ಬಿದ್ದಿದೆ. ನನಗೆ ಅಳು ಬಂತು. ಅವರು ರೊಟ್ಟಿಯ ಡಬ್ಬಿಗೆ ಮುಚ್ಚಳ ಹಾಕಿ, ಮೆಲ್ಲಗೆ ನನ್ನ ಕಡೆ ಸರಿಸಿದರು. "ನೀ ಊಟಾ ಮಾಡವ್ವಾ. ಹಸದಿದ್ದಿ." ಅವರು ಅಂದದ್ದು ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ನನಗೆ ಇನ್ನೊಂದು ಭಯ. ಲಿಂಗ ಸಿಗುವವರೆಗೆ ಅವರು ಏನೂ ಮುಟ್ಟುವವರಲ್ಲ. ಮಾವನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಎಂಟಕ್ಕೆ ನಾನೇ ಕೊಟ್ಟ ಮಾತ್ರೆ ಅವರು ಊಟ ಮಾಡಿದರೂ ಮಾಡದಿದ್ದರೂ ಸಕ್ಕರೆ ಇಳಿಸುತ್ತಲೇ ಹೋಗುತ್ತದೆ. ಮೇಲಿಂದ ಗುಡ್ಡ ಹತ್ತಿದ್ದಾರೆ. ಬೆರಳಿಗೆ ಚುಚ್ಚಿ ಮೀಟರಿನಲ್ಲಿ ನೋಡಿದೆ. ಇನ್ನೂ ಪರವಾಗಿಲ್ಲ ಅನ್ನುವ ಹಾಗಿತ್ತು, ಆದರೆ ಬಹಳ ಹೊತ್ತು ಹಾಗಿರುವುದಿಲ್ಲ ಎಂದೂ ಗೊತ್ತಿತ್ತು.

"ಮಾವ, ಎರಡು ಬಿಸ್ಕೆಟ್ ತಿನ್ನಿ. ಸ್ವಲ್ಪ ಗ್ಲುಕೋಸ್ ನೀರಾದ್ರೂ ಕುಡೀರಿ. ದೇವರು ಏನೂ ಅನ್ಕೊಳ್ಳಲ್ಲ."

"ದೇವರು ಅನ್ನಂಗಿಲ್ಲ. ನಾ ಅಂತೀನಿ" ಅಂದರು.

"ತಲೆ ಸುತ್ತಿ ಬಿದ್ದರೆ?"

"ಎಚ್ಚರ ಇರೂತನಕ ನನ್ನ ಮಾತು. ಆಮ್ಯಾಲ ನಿನ್ನ ಮಾತು. ನಿನ್ನ ಕಸಬಽ ಅದಲ್ಲ?"

ಅದು ಒಪ್ಪಂದ. ನಾನು ಬ್ಯಾಗಿನಲ್ಲಿದ್ದ ಗ್ಲುಕೋಸ್ ಜೆಲ್ಲಿನ ಟ್ಯೂಬನ್ನು ಜಾಕೆಟ್ಟಿನ ಎದೆಯ ಜೇಬಿನಲ್ಲಿಟ್ಟುಕೊಂಡೆ. ಅವರು ಹೂಂ ಅನ್ನುವುದು ನಿಂತ ಗಳಿಗೆಯಲ್ಲಿ ಅದನ್ನು ಅವರ ದವಡೆಯೊಳಗೆ ಸವರುವುದೇ ಎಂದು ನಿರ್ಧರಿಸಿದೆ. ನಾನೂ ಊಟ ಮಾಡಲಿಲ್ಲ. ಡಬ್ಬಿಯನ್ನು ಬ್ಯಾಗಿಗೆ ಹಾಕಿದೆ.

ಇಳಿಯಲು ಶುರು ಮಾಡಿದೆವು. ನಾನು ಕಂಡಕಂಡಲ್ಲಿ ಎಲೆ ಕೆದರಲು ಹೊರಟರೆ ಮಾವ ತಡೆದರು. ದಾರಿಯನ್ನು ಅಗಲಕ್ಕೆ ಮೂರು ಪಟ್ಟಿ ಮಾಡಿದರು. ನಡುವಿನದು ಅವರದು, ಎಡ ಬಲ ನನ್ನದು. ನೂರು ಹೆಜ್ಜೆಗೊಮ್ಮೆ ಕೋಲು ನೆಟ್ಟು, ಹಿಂದೆ ತಿರುಗಿ, ಉಳಿದ ಪಟ್ಟಿ ನೋಡಿ, ಮತ್ತೆ ಮುಂದಕ್ಕೆ. ನನಗೆ ಸಿಕ್ಕಿದ್ದು ಒಂದು ಪೆನ್ನಿನ ಮುಚ್ಚಳ, ನಾಯಿಗೆ ಎಸೆಯುವ ಹಸಿರು ಚೆಂಡು, ಮತ್ತು ಬೆಳ್ಳಿಯೇ ಇರಬೇಕೆಂದು ಎರಡು ಸಲ ಎದೆ ಹಾರಿಸಿದ ಚಾಕೊಲೇಟಿನ ಕಾಗದ. ಮಂಡಿಯೂರಿ ಎಲೆಯೊಳಗೆ ಕೈ ಆಡಿಸಿ ಆಡಿಸಿ ಬೆರಳು ಮರಗಟ್ಟಿತು. ಎಲೆ ಎಷ್ಟು ತೆಗೆದರೂ ಎಲೆ. ಈ ದೇಶದಲ್ಲಿ ಅಷ್ಟು ವರ್ಷ ಚಂದ ಚಂದ ಎಂದು ಫೋಟೋ ತೆಗೆದ ಆ ಎಲೆಗಳ ಮೇಲೆ ಅವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಬೆಂಚು ತಲುಪುವಾಗ ಮೂರು ಗಂಟೆಗೆ ಹತ್ತು ನಿಮಿಷ ಇತ್ತು. ಸೂರ್ಯ ಆಗಲೇ ಮರಗಳ ಸೊಂಟಕ್ಕೆ ಇಳಿದಿದ್ದ. ನಾಲ್ಕಕ್ಕೆ ಕತ್ತಲು. ಬೆಂಚಿನ ಸುತ್ತ ಒಂದೊಂದೇ ಎಲೆ ಎತ್ತಿ ನೋಡಿದೆವು. ಮತ್ತೆ ಚುಚ್ಚಿದೆ. ಮೀಟರಿನ ಅಂಕಿ ನನಗೆ ಇಷ್ಟವಾಗಲಿಲ್ಲ. ಮಾವನ ಬೆರಳು ನನ್ನ ಕೈಯಲ್ಲಿ ಸಣ್ಣಗೆ ನಡುಗುತ್ತಿತ್ತು. ಮೇಲ್ತುಟಿಯ ಮೇಲೆ ಬೆವರು. ಇದು ಗುಡ್ಡದ ಬೆವರಲ್ಲ ಎಂದು ನನಗೆ ಯಾರೂ ಹೇಳಬೇಕಿರಲಿಲ್ಲ.

ಆಗ ನನ್ನ ಬಾಯಿಂದ ಬಂದುಬಿಟ್ಟಿತು. "ಮಾವ, ನಂದು ಮನೇಲಿದೆ. ಡ್ರಾಯರಿನಲ್ಲಿದೆ. ನೀವು ಅದನ್ನೇ ಹಾಕ್ಕೊಳ್ಳಿ. ಈಗ ಈ ನೀರು ಕುಡೀರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಇದನ್ನು ಹೇಳಲೇಬೇಕು. ನಾನೂ ಲಿಂಗ ಕಟ್ಟಿಸಿಕೊಂಡವಳೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆಪರೇಷನ್ ಥಿಯೇಟರಿನ ಬಟ್ಟೆ ಹಾಕಿಕೊಳ್ಳುವಾಗ ಕೊರಳಲ್ಲಿದ್ದದ್ದನ್ನು ತೆಗೆದು ಲಾಕರಿನಲ್ಲಿ ಇಡುತ್ತಿದ್ದೆ. ಒಮ್ಮೆ ಎರಡು ದಿನ ಅಲ್ಲೇ ಮರೆತೆ. ಮನೆಗೆ ತಂದು ಡ್ರಾಯರಿನಲ್ಲಿ ಇಟ್ಟೆ. ಅಷ್ಟೇ, ಬಿಡಬೇಕೆಂದು ಬಿಟ್ಟದ್ದೇನೂ ಅಲ್ಲ. ಮಾವ ಬಂದ ಮೇಲೆ ಮಾತ್ರ ಆರು ತಿಂಗಳೂ ಮನೆಯಲ್ಲಿ ಕತ್ತು ಮುಚ್ಚುವ ಅಂಗಿಗಳನ್ನೇ ತೊಟ್ಟೆ, ಸುಡುವ ಜುಲೈನಲ್ಲೂ. ಗಂಡ ನೋಡಿ ನಗುತ್ತಿದ್ದ.

ಮಾವ ನನ್ನ ಮುಖವನ್ನು ನೋಡಿದರು. ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. "ನಿಂದು ನಿನಗ ಕೊಟ್ಟದ್ದು ತಂಗಿ. ಅದು ನನಗ ಹೆಂಗ ಬರತೈತಿ?" ಅಂದರು. ಆಮೇಲೆ ಬೆಂಚಿನ ಮೇಲೆ ಕೂತು, ಕೋಲಿನ ಮೇಲೆ ಗದ್ದ ಊರಿ, ಲೆಕ್ಕ ಹಾಕುವವರ ಹಾಗೆ ದಾರಿಯನ್ನೇ ದಿಟ್ಟಿಸಿದರು. ನಾನು ಜೇಬಿನಲ್ಲಿದ್ದ ಟ್ಯೂಬಿನ ಮುಚ್ಚಳ ಸಡಿಲ ಮಾಡಿಕೊಂಡೆ.

"ಇಷ್ಟು ನೋಡಿದ್ವಿ. ಇಲ್ಲೆ ಇಲ್ಲ" ಅಂದರು ಕೊನೆಗೆ. "ಇಲ್ಲೆ ಇಲ್ಲ ಅಂದ್ರ ಯಾರಿಗೋ ಸಿಕ್ಕೇತಿ. ನಾವು ಮ್ಯಾಲ ಇದ್ದಾಗ ಆರೇಳು ಮಂದಿ ಕೆಳಗ ಇಳದ್ರಲ್ಲ?"

"ಸಿಕ್ಕಿದ್ರೆ ಹೋಯ್ತು ಅಂತಲೇ ಮಾವ. ಬೆಳ್ಳಿ ಅದು."

"ಆ ಕೆಂಪು ಕೈಗವಸು ಇಟ್ಟವರೂ ಇಲ್ಲಿನ ಮಂದೀನ ಅಲ್ಲೇನು?" ಕೋಲೂರಿ ಎದ್ದರು. "ಗೇಟು ಇಲ್ಲಿಂದ ಎಂಟನೂರಾ ನಲವತ್ತು ಹೆಜ್ಜಿ. ನಡಿ."

ಕಂಬಕ್ಕೆ ಸಿಕ್ಕಿಸಿದ ಕೈಗವಸು ಒಂದು, ಬೆಳ್ಳಿಯ ಡಬ್ಬಿ ಇನ್ನೊಂದು ಎಂದು ಅನ್ನಿಸಿತು. ಹೇಗೂ ಕಾರಿಗೆ ಇಳಿಯಲೇಬೇಕಿತ್ತು. ಅವರ ತೋಳು ಹಿಡಿದುಕೊಂಡೆ. ಯಾವತ್ತೂ ಹಿಡಿದಿರಲಿಲ್ಲ. ಪಾದ ಪೂರ್ತಿ ಇಟ್ಟು, ಅವಸರ ಮಾಡದೆ, ಅವರು ಹೇಳಿಕೊಟ್ಟ ಹಾಗೇ ಅವರನ್ನು ಇಳಿಸಿದೆ. ಅವರು ಮೆಲುದನಿಯಲ್ಲಿ ಹೆಜ್ಜೆ ಎಣಿಸುತ್ತಿದ್ದರು. ಎಣಿಕೆ ನಡೆಯುವವರೆಗೆ ಎಚ್ಚರ ಇದ್ದಾರೆ ಎಂದು ನನಗೆ ಧೈರ್ಯ. ನಾನೂರರ ಆಸುಪಾಸಿನಲ್ಲಿ ಒಂದು ಅಂಕಿಯನ್ನು ಎರಡು ಸಲ ಹೇಳಿದರು. ಟ್ಯೂಬಿನ ಮುಚ್ಚಳ ಪೂರ್ತಿ ತೆಗೆದೆ. ಅವರೇ ತಡೆದು, ತಿದ್ದಿಕೊಂಡು, ಮುಂದೆ ಎಣಿಸಿದರು.

ಗೇಟಿನ ಕಂಬದ ಮೇಲೆ ಕೆಂಪು ಕೈಗವಸು ಇತ್ತು. ಬೇರೇನೂ ಇರಲಿಲ್ಲ. ಕಂಬದ ಬುಡ ನೋಡಿದೆ, ಇನ್ನೊಂದು ಕಂಬ ನೋಡಿದೆ. ಇಲ್ಲ. ಮಾವ ಮಾತ್ರ ಗೇಟಿನ ಪಕ್ಕದ ಹಾಲಿ ಎಂಬ ಗಿಡದ ಕಡೆ ಕೋಲು ಎತ್ತಿದರು. ಮುಳ್ಳೆಲೆಯ, ಕೆಂಪು ಹಣ್ಣಿನ ಗಿಡ. ಅದರ ಒಂದು ರೆಂಬೆಯಲ್ಲಿ, ನಾಯಿಗಳಿಗೂ ಮಕ್ಕಳಿಗೂ ಎಟುಕದ ಎತ್ತರದಲ್ಲಿ, ಕರಡಿಗೆ ತೂಗುತ್ತಿತ್ತು.

ನಾನು ಜೋರಾಗಿ ಅತ್ತೆ. ಕಾರಿಗೆ ನಾಯಿ ಹತ್ತಿಸುತ್ತಿದ್ದ ಹೆಂಗಸೊಬ್ಬಳು ಎಲ್ಲ ಸರಿಯಾಗಿದೆಯೇ ಎಂದು ಕೇಳಿದಳು. ಸರಿಯಾಗಿದೆ, ಸರಿಯಾಗಿದೆ ಅಂದೆ.

ರೆಂಬೆಯಿಂದ ಅದನ್ನು ಇಳಿಸಲು ಮಾವ ಕೈ ಚಾಚಿದರು, ಕೈ ನಡುಗಿ ದಾರ ಹಿಡಿತಕ್ಕೆ ಬರಲಿಲ್ಲ. "ನೀನಽ ತಗಿಯವ್ವಾ" ಅಂದರು. ನಾನು ಹಿಂಜರಿದೆ. ಇನ್ನೊಬ್ಬರ ಲಿಂಗವನ್ನು ಹೀಗೆ ಮುಟ್ಟುವುದಿಲ್ಲ. ಅದರಲ್ಲೂ ನನ್ನ ಕೈ ಮೊಣಕೈತನಕ ಕೆಸರು, ಮತ್ತು ನನ್ನದು ಡ್ರಾಯರಿನಲ್ಲಿದೆ ಎಂದು ಈಗಷ್ಟೇ ಒಪ್ಪಿಕೊಂಡವಳು.

"ತಂದು ಕಟ್ಟಿದವರು ಯಾರು ಎತ್ತ ಅಂತ ನಾವು ಕೇಳಿದ್ವೇನು? ತಗಿ" ಅಂದರು.

ಬಾಟಲಿಯ ನೀರಿನಲ್ಲಿ ಕೈ ತೊಳೆದು ತೆಗೆದೆ. ಹರಿದ ದಾರದ ಎರಡು ತುದಿಗಳನ್ನು ಯಾರೋ ಸೇರಿಸಿ ಗಂಟು ಹಾಕಿದ್ದರು. ಅವಸರದ ಗಂಟಲ್ಲ. ಬೂಟಿನ ಲೇಸನ್ನೋ ಹಗ್ಗವನ್ನೋ ಕಟ್ಟಿ ಗೊತ್ತಿರುವವರು, ಮತ್ತೆ ಬಿಚ್ಚದಿರಲಿ ಎಂದು ಎರಡು ಸಲ ಸುತ್ತಿ ಬಿಗಿದ ಗಂಟು. ಒಳಗೇನಿದೆ ಎಂದು ಅವರು ತೆರೆದು ನೋಡಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ. ಕೊರಳಿಗೆ ಹಾಕುವ ಏನೋ, ಯಾರಿಗೋ ಬೇಕಾದದ್ದು ಎಂದಷ್ಟು ತಿಳಿದಿದ್ದರು.

ಮಾವ ಗೇಟಿನ ಪಕ್ಕದ ಮರದ ದಿಮ್ಮಿಯ ಮೇಲೆ ಕೂತು ಎಡ ಅಂಗೈ ಚಾಚಿದರು. ನಾನೇ ಕರಡಿಗೆ ತೆರೆದು, ಲಿಂಗವನ್ನು ಆ ಅಂಗೈಗೆ ಇಟ್ಟು, ಬಾಟಲಿಯಿಂದ ನೀರು ಹನಿಸಿದೆ. ಅವರು ಕಣ್ಣು ಮುಚ್ಚಿದರು. ಬಹಳ ಹೊತ್ತಾಯಿತು ಅನ್ನಿಸಿತು. ಮಲಗಿಸುವ ಕಸುಬಿನಲ್ಲಿ ನಾನು ಎಣಿಸದ ಉಸಿರಿಲ್ಲ. ಆದರೆ ಅವತ್ತಿನ ಹಾಗೆ ಎಣಿಸಿದ್ದಿಲ್ಲ. ಕಣ್ಣು ತೆರೆದು, "ಈಗ ಕೊಡು" ಅಂದರು. ಮೊದಲು ಗ್ಲುಕೋಸ್ ನೀರು ಕುಡಿಸಿದೆ. ಆಮೇಲೆ ತಣ್ಣಗಾಗಿ ಕಡಕ್ಕಾಗಿದ್ದ ರೊಟ್ಟಿಯನ್ನು ಮುರಿದು ಮೊದಲ ತುಂಡನ್ನು ಅವರು ನನ್ನ ಕೈಗೆ ಕೊಟ್ಟರು. ಕತ್ತಲಾಗುವವರೆಗೆ ಇಬ್ಬರೂ ಆ ದಿಮ್ಮಿಯ ಮೇಲೆ ಕೂತು ಡಬ್ಬಿ ಖಾಲಿ ಮಾಡಿದೆವು. ಶೇಂಗಾ ಚಟ್ನಿ ಅಷ್ಟು ರುಚಿ ಅಂತ ನನಗೆ ಗೊತ್ತೇ ಇರಲಿಲ್ಲ.

ಮನೆಗೆ ಬಂದ ಮೇಲೆ, ಹಳೆಯ ದಾರ ತೆಗೆದು ಹೊಸದು ಹಾಕಿಕೊಳ್ಳಿ ಅಂದೆ. ಅವರ ಸೂಟ್‌ಕೇಸಿನಲ್ಲಿ ಹೊಸ ಶಿವದಾರ ಇತ್ತು. ಇಲ್ಲಿ ಸಿಗುವುದಿಲ್ಲವೆಂದು ಊರಿನಿಂದಲೇ ತಂದಿದ್ದರು. "ಇರ್ಲಿ, ಗಂಟು ಗಟ್ಟಿ ಐತಿ" ಅಂದರು.

ಗುರುವಾರ ಅವರನ್ನು ವಿಮಾನ ಹತ್ತಿಸಿ ಬಂದು ನೋಡಿದರೆ, ಆ ಹೊಸ ಶಿವದಾರ ನನ್ನ ಡ್ರೆಸ್ಸಿಂಗ್ ಟೇಬಲ್ಲಿನ ಮೇಲೆ, ಅದೇ ಡ್ರಾಯರಿನ ಎದುರಿಗೆ, ಸುರುಳಿ ಸುತ್ತಿ ಇಟ್ಟಿತ್ತು. ಸಂಜೆ ಅವರು ದುಬೈನಲ್ಲಿ ವಿಮಾನ ಬದಲಿಸುವಾಗ ಫೋನ್ ಮಾಡಿದರು. ಆರಾಮ ಇದ್ದೇನೆ, ಊಟ ಆಯಿತು ಎಂದೆಲ್ಲ ಹೇಳಿ, ಇಡುವ ಮುಂಚೆ, "ಡ್ರಾವರ್‌ನ್ಯಾಗ ಇಟ್ಟರೂ ದಾರ ಹಳೇದಾಗತೈತಿ ನೋಡವ್ವಾ. ವರ್ಷಕ್ಕೊಮ್ಮೆ ಬದಲ ಮಾಡು" ಅಂದರು. ಹಾಕಿಕೋ ಅನ್ನಲಿಲ್ಲ. ಯಾಕೆ ತೆಗೆದೆ ಎಂದೂ ಕೇಳಲಿಲ್ಲ.

ಅವತ್ತೇ ಬದಲಾಯಿಸಿದೆ. ಈಗಲೂ ಪ್ರತಿ ನವೆಂಬರಿನಲ್ಲಿ ಬದಲಾಯಿಸುತ್ತೇನೆ. ಅದು ಹೆಚ್ಚಿನ ದಿನ ಡ್ರಾಯರಿನಲ್ಲೇ ಇರುತ್ತದೆ, ಸುಳ್ಳು ಹೇಳುವುದಿಲ್ಲ. ಗುಡ್ಡ ಹತ್ತುವ ದಿನ ಮಾತ್ರ ಕೊರಳಿಗೆ ಹಾಕಿಕೊಳ್ಳುತ್ತೇನೆ, ಹೊಸ ದಾರದಲ್ಲೂ ಆ ಗಂಟಿನ ಹಾಗೇ ಎರಡು ಸಲ ಸುತ್ತಿ ಬಿಗಿದು.